ಕಲ್ಲನ್ನು ಕೀಳಬೇಡಿ, ಬಣ್ಣವನ್ನಂತೂ ಮುಟ್ಟಿಸಲೇಬೇಡಿ

ಪತ್ರ: ಪಕ್ಕದೂರಿನವರು ಹೊಲದಲ್ಲಿದ್ದ ವೀರಗಲ್ಲನ್ನು ಕಿತ್ತು ತಂದು, ಶಾಲೆಯ ಮುಂದೆ ಸಿಮೆಂಟ್ ಕಟ್ಟೆಯಲ್ಲಿ ನಿಲ್ಲಿಸಿ ಬಣ್ಣ ಹೊಡೆಸಿದ್ದಾರೆ. ನಮ್ಮ ಕೆರೆ ಏರಿಯಲ್ಲೂ ಎರಡು ಕಲ್ಲುಗಳಿವೆ. ನಾವೂ ಹಾಗೇ ಮಾಡಬಹುದೆ? (ಕೋಲಾರ ಜಿಲ್ಲೆಯ ಓದುಗರು)

ಉತ್ತರ: ಊರ ಹುಡುಗರಿಗೆ ಕಲ್ಲಿನ ಮೇಲೆ ಅಕ್ಕರೆ ಹುಟ್ಟಿದೆಯಲ್ಲ, ಶಾಭಾಸ್. ಜೆಸಿಬಿ ಬಾಯಿಗೆ ಬೀಳುವ ಕಲ್ಲನ್ನು ಸರಿಸಲೇಬೇಕು, ಒಪ್ಪಿದೆ. ನಿಮ್ಮ ಏರಿಗೆ ಅಂಥ ಗಂಡಾಂತರವಿದೆಯೆಂದು ನೀವು ಬರೆದಿಲ್ಲ. ಮತ್ತೆ ಕೀಳುವುದೇಕೆ?

ನಿಮ್ಮ ಸೀಮೆಯಲ್ಲಿ ತುರುಗೋಳಿನ, ಅಂದರೆ ದನ ಸೂರೆಯ ಕಾಳಗದ, ಕಲ್ಲುಗಳು ಹೇರಳ. ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವನ ಕಲ್ಲು ಗಡಿಯಲ್ಲೋ ಏರಿಯಲ್ಲೋ ಇದ್ದರೆ, ಆ ಜಾಗವೂ ಸಾಕ್ಷಿ ಹೇಳುತ್ತದೆ. ನೆರೆಯೂರಿನ ಕಲ್ಲನ್ನೂ ಓದಿಕೊಳ್ಳಿ; ನಿಮ್ಮೂರಿನ ಸಂಗತಿ ಅಲ್ಲಿರಬಹುದು. 'ಬೆಂಗಳೂರ ಕಾಳೆಗ' ಎಂದು ಬರೆದ, ಸುಮಾರು ಕ್ರಿ.ಶ. 890ರ ಕಲ್ಲು ಸಿಕ್ಕಿದ್ದು ಬೆಂಗಳೂರಿನ ಪಕ್ಕದ ಬೇಗೂರಿನಲ್ಲಿ. ಕಾಳಿ ಎಂಬ ಬೇಟೆನಾಯಿಗಾಗಿ ನೆಟ್ಟ, 10ನೇ ಶತಮಾನದ, ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಕ್ಷೇಮವಾಗಿದೆ, ಸರಿ. ಆದರೆ ಆ ಕಲ್ಲಿಗೆ ಪೂಜೆ ಸಲ್ಲಿಸದೆ ಪೂಜಾರಿ ಉಣ್ಣಬಾರದೆಂಬ ಕಟ್ಟಳೆ ಅದರಲ್ಲೇ ಕೊರೆದಿದೆ. ಮ್ಯೂಸಿಯಮ್ಮಿನಲ್ಲಿ ಅದನ್ನು ಯಾರು ನಡೆಸಬೇಕು?

ಇನ್ನು ಬಣ್ಣ. ವೀರಗಲ್ಲಿನ ಕೆತ್ತನೆ ಅಡ್ಡ ಪಟ್ಟಿಕೆಗಳಲ್ಲಿರುತ್ತದೆ: ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಬರಹವಿರುವುದು ಹೆಚ್ಚಾಗಿ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ. ಎನಾಮಲ್ ಮೊದಲು ತುಂಬಿಕೊಳ್ಳುವುದು ಆ ಅಕ್ಷರಗಳಲ್ಲೇ. ಬಳಪದ ಕಲ್ಲಾದರೆ ಬಣ್ಣ ಸಿಪ್ಪೆಯೇಳುವಾಗ ಕಲ್ಲಿನ ಪದರವನ್ನೂ ಎಳೆದುಕೊಂಡು ಬರುತ್ತದೆ. ಸಿಮೆಂಟ್ ಕಟ್ಟೆಯೋ, ಬುಡದ ಸಾಲುಗಳನ್ನು ನುಂಗುತ್ತದೆ. ಅದರ ಲವಣ ನೀರಿನೊಡನೆ ಮೇಲೇರಿ ಬಿಳಿ ಪುಡಿಯಾಗಿ ಒಸರುತ್ತದೆ.

ಮಾಡಬೇಕಾದ್ದು ಇಷ್ಟು. ಬರೀ ನೀರು, ತೆಂಗಿನ ನಾರಿನ ಮೆತ್ತನೆಯ ಬ್ರಷ್ಷು. ಪಾಚಿಯನ್ನು ಚೆನ್ನಾಗಿ ನೆನೆಸಿ ಬಿದಿರಿನ ಸೀಳಿನಿಂದ ಎಬ್ಬಿಸಿ. ತಂತಿ ಬ್ರಷ್ಷು, ಆ್ಯಸಿಡ್, ಸೋಪಿನ ಪುಡಿ ಬೇಡ. ಅಕ್ಷರ ಕಾಣಲೆಂದು ಸೀಮೆಸುಣ್ಣ ತೀಡಲೂಬೇಡಿ. ಕತ್ತಲಾದ ಮೇಲೆ ಪಕ್ಕದಿಂದ, ಕಲ್ಲಿಗೆ ಒರಸಿದಂತೆ ಟಾರ್ಚ್ ಹಿಡಿದರೆ ಸಾಲುಗಳು ತಾವೇ ಎದ್ದು ನಿಲ್ಲುತ್ತವೆ. ಆಗ ಫೋಟೊ ತೆಗೆಯಿರಿ. ಎತ್ತರ, ಅಗಲ, ದಪ್ಪ, ಮುಖ ಯಾವ ದಿಕ್ಕಿಗಿದೆ, ಎಲ್ಲ ಬರೆದಿಡಿ. ಆಮೇಲೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯ ಕರ್ನಾಟಿಕ'ದ 10ನೇ ಸಂಪುಟ ತೆರೆಯಿರಿ: ಕೋಲಾರ ಜಿಲ್ಲೆಯದು, ತಾಲ್ಲೂಕುವಾರು ಜೋಡಿಸಿದ್ದು. ನಿಮ್ಮೂರ ಹೆಸರು ಅಲ್ಲಿದ್ದರೆ ಕಲ್ಲಿನ ಬರಹದ ಪಾಠವೂ ಸಿಕ್ಕೀತು. ವಾಲಿದ ಕಲ್ಲಿನ ಬುಡಕ್ಕೆ ಜಲ್ಲಿ, ಮರಳು, ಸುಣ್ಣದ ಗಾರೆ ಸಾಕು. ನೀರು ನಿಲ್ಲದಂತೆ ಸುತ್ತ ಇಳಿಜಾರು ಕೊಡಿ.

ಸ್ವಾಗತ ಕಮಾನಿಗೆ ಲಕ್ಷಗಟ್ಟಲೆ ಸುರಿದು, ಅದರ ಮೇಲೆ ಬದುಕಿರುವವರ ಹೆಸರು ಕೆತ್ತಿಸುವ ಊರುಗಳಲ್ಲೇ ಸತ್ತವನ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿರುತ್ತದೆ. ಬಡಾವಣೆ ಮಾಡುವವರಂತೂ ರಾತ್ರೋರಾತ್ರಿ ಪಾಯಕ್ಕೆ ತುಂಬುತ್ತಾರೆ. ಇದಕ್ಕೆ ಜಗಳವಾಡಿ ಎಂದು ಹುಡುಗರಿಗೆ ಹೇಳಿ. ಬಣ್ಣದ ಡಬ್ಬಿ ಅಂಗಡಿಯಲ್ಲೇ ಇರಲಿ.

ಪಕ್ಕದೂರಿನವರಿಗೂ ಒಂದು ಮಾತು ತಲುಪಿಸಿ: ಹೊಡೆಸಿದ ಬಣ್ಣ ತೆಗೆಸಲು ಗ್ರೈಂಡರ್ ಹಿಡಿದವನನ್ನು ಕರೆಯದಿರಲಿ, ಪುರಾತತ್ವ ಇಲಾಖೆಗೆ ಅರ್ಜಿ ಬರೆಯಲಿ.