ಗೀತೆಯ ಓದು: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: ಕಳೆದ ವರ್ಷ ನನ್ನ ತಂದೆಯವರು ತೀರಿಕೊಂಡರು. ಸಾಂತ್ವನ ಹೇಳಲು ಬಂದ ಹಿರಿಯರೆಲ್ಲ ಭಗವದ್ಗೀತೆಯನ್ನು ಓದಲು ಹೇಳಿದರು. ಎರಡನೆಯ ಅಧ್ಯಾಯವನ್ನು ಕನ್ನಡ ಅರ್ಥಸಹಿತ ಹಲವು ಬಾರಿ ಓದಿದ್ದೇನೆ. ಆತ್ಮಕ್ಕೆ ಹುಟ್ಟಿಲ್ಲ, ಸಾವಿಲ್ಲ ಎಂಬುದು ಬುದ್ಧಿಗೆ ತಿಳಿಯುತ್ತದೆ. ಆದರೆ ಅಪ್ಪನ ಕನ್ನಡಕ ಕಣ್ಣಿಗೆ ಬಿದ್ದರೆ ಅಳು ತಡೆಯಲಾಗುವುದಿಲ್ಲ. ‘ಯಾರಿಗಾಗಿ ಶೋಕಿಸಬಾರದೋ ಅವರಿಗಾಗಿ ಶೋಕಿಸುತ್ತಿದ್ದೀಯೆ’ ಎಂಬ ಮಾತು ನನ್ನನ್ನೇ ಗದರಿಸಿದಂತೆ ಕೇಳುತ್ತದೆ. ನನ್ನ ಶ್ರದ್ಧೆಯಲ್ಲಿ ಕೊರತೆ ಇದೆಯೇ?
— ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಶ್ರದ್ಧೆಯಲ್ಲಿ ಕೊರತೆಯೇನೂ ಕಾಣುತ್ತಿಲ್ಲ. ನಿಮ್ಮನ್ನು ನೋಯಿಸಿದ ಆ ಮಾತು ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದ್ದು ಎಂಬುದನ್ನು ಮೊದಲು ನೋಡೋಣ. ಅದು ಎರಡನೆಯ ಅಧ್ಯಾಯದ 11ನೆಯ ಶ್ಲೋಕ. ಆಚಾರ್ಯ ಶಂಕರರ ವಿವರವಾದ ಭಾಷ್ಯ ಆರಂಭವಾಗುವುದೂ ಅಲ್ಲಿಂದಲೇ. ಉಪದೇಶದ ಮೊದಲ ಮಾತು ಅದೇ ಆದುದರಿಂದ ತತ್ತ್ವಜಿಜ್ಞಾಸುಗಳಿಗೆ ಅದು ಸಹಜವಾದ ಆರಂಭ. ಆದರೆ ದುಃಖದಲ್ಲಿರುವವರು ಅಲ್ಲಿಂದ ಆರಂಭಿಸಿದರೆ, ಅದಕ್ಕೂ ಮುಂಚೆ ವ್ಯಾಸರು ಅರ್ಜುನನ ಶೋಕಕ್ಕೆ ಎಷ್ಟು ಜಾಗ ಕೊಟ್ಟಿದ್ದಾರೆಂಬುದು ಕಣ್ತಪ್ಪಿಹೋಗುತ್ತದೆ. ಬಾಯಿ ಒಣಗುವುದು, ಮೈ ನಡುಗುವುದು, ಗಾಂಡೀವ ಕೈಯಿಂದ ಜಾರುವುದು, ಚರ್ಮವೆಲ್ಲ ಉರಿಯುವುದು, ನಿಲ್ಲಲೂ ಆಗದೆ ರಥದಲ್ಲಿ ಕುಸಿದು ಕುಳಿತುಕೊಳ್ಳುವುದು, ಇವೆಲ್ಲವನ್ನೂ ಮೊದಲನೆಯ ಅಧ್ಯಾಯ ಸಾವಧಾನವಾಗಿ ದಾಖಲಿಸುತ್ತದೆ. ಆ ಅಧ್ಯಾಯದ ಹೆಸರೇ ಅರ್ಜುನವಿಷಾದಯೋಗ. ವಿಷಾದವನ್ನೂ ಯೋಗಗಳ ಸಾಲಿನಲ್ಲಿ ಕೂರಿಸಿದ ಪರಂಪರೆ ನಿಮ್ಮ ಕಣ್ಣೀರನ್ನು ಅಪರಾಧವೆಂದು ಎಣಿಸಿರಲಾರದು.

ಇನ್ನೊಂದು ಸಂಗತಿಯೂ ಇದೆ. ಅರ್ಜುನ ಅಂದು ದುಃಖಿಸುತ್ತಿದ್ದುದು ಇನ್ನೂ ಬದುಕಿದ್ದವರಿಗಾಗಿ. ಭೀಷ್ಮರೂ ದ್ರೋಣರೂ ಅವನ ಕಣ್ಣೆದುರಿಗೇ ನಿಂತಿದ್ದರು. ಅವನು ಯುದ್ಧ ಮಾಡುವುದೋ ಬಿಡುವುದೋ ಎಂಬುದನ್ನು ಆ ಗಳಿಗೆಯಲ್ಲೇ ನಿರ್ಧರಿಸಬೇಕಾಗಿತ್ತು. ನಿಮ್ಮ ಮುಂದೆ ಅಂಥ ನಿರ್ಧಾರವಿಲ್ಲ, ಅಗಲಿಕೆ ಇದೆ. ಹಾಗಾದರೆ ನಿಮ್ಮಂತೆ ನಿಜವಾಗಿ ಒಬ್ಬರನ್ನು ಕಳೆದುಕೊಂಡಾಗ, ಗೀತೆಯನ್ನು ಕೃಷ್ಣನ ಬಾಯಿಂದಲೇ ಕೇಳಿದ ಅರ್ಜುನ ಹೇಗೆ ನಡೆದುಕೊಂಡ? ದ್ರೋಣಪರ್ವದಲ್ಲಿ ಅದಕ್ಕೆ ಉತ್ತರವಿದೆ. ಯುದ್ಧದ 13ನೆಯ ದಿನ ಸಂಶಪ್ತಕರೊಡನೆ (ಗೆಲ್ಲುತ್ತೇವೆ, ಇಲ್ಲವೇ ಸಾಯುತ್ತೇವೆ ಎಂದು ಶಪಥ ಮಾಡಿದ್ದ ಕೌರವಪಕ್ಷದ ಯೋಧರೊಡನೆ) ಹೋರಾಡಿ ಮರಳಿದ ಅರ್ಜುನನಿಗೆ ಶಿಬಿರದಲ್ಲಿ ವಾದ್ಯಗಳ ಸದ್ದು ಕೇಳುವುದಿಲ್ಲ, ದಿನವೂ ಎದುರುಗೊಳ್ಳುತ್ತಿದ್ದ ಮಗ ಕಾಣುವುದಿಲ್ಲ. ಅಭಿಮನ್ಯು ಸತ್ತನೆಂದು ತಿಳಿದಾಗ ಅವನು ಯಾವ ತಂದೆಯೂ ಅಳುವಂತೆಯೇ ಅಳುತ್ತಾನೆ, ಪ್ರಲಾಪಿಸುತ್ತಾನೆ. ಮಗನ ನೆರವಿಗೆ ಪಾಂಡವರು ಹೋಗದಂತೆ ತಡೆದಿದ್ದ ಜಯದ್ರಥನನ್ನು ಮರುದಿನದ ಸೂರ್ಯಾಸ್ತದೊಳಗೆ ಕೊಲ್ಲದಿದ್ದರೆ ಅಗ್ನಿಪ್ರವೇಶ ಮಾಡುತ್ತೇನೆಂದು ಪ್ರತಿಜ್ಞೆಯನ್ನೂ ಮಾಡುತ್ತಾನೆ. ಉಪದೇಶ ಕೇಳಿ ಎರಡು ವಾರವೂ ಕಳೆದಿರಲಿಲ್ಲ. ಕೃಷ್ಣ ಅವನನ್ನು ಸಂತೈಸುತ್ತಾನೆ, ದುಃಖದಲ್ಲಿ ಮುಳುಗಿರುವ ಅಣ್ಣತಮ್ಮಂದಿರಿಗೆ ಧೈರ್ಯ ಹೇಳೆನ್ನುತ್ತಾನೆ, ಅನಂತರ ತಂಗಿ ಸುಭದ್ರೆಯ ಬಳಿಗೂ ಹೋಗುತ್ತಾನೆ. ಆಕೆಯ ವಿಲಾಪವನ್ನು ವ್ಯಾಸರು ಮೊಟಕುಗೊಳಿಸಿಲ್ಲ.

ಇಡೀ ಗೀತೆಯನ್ನು ಸಂಜಯ ಧೃತರಾಷ್ಟ್ರನಿಗೆ ಹೇಳುವುದೂ ಭೀಷ್ಮರು ಉರುಳಿದ ಸುದ್ದಿಯನ್ನು ತಿಳಿಸಿದ ಮೇಲೆಯೇ. ಭೀಷ್ಮಪರ್ವದಲ್ಲಿ ಆ ಸುದ್ದಿ ಮೊದಲು, ಗೀತೆ ಆಮೇಲೆ. ಹೀಗೆ ಕಥೆಯೊಳಗೆ ಅದನ್ನು ಕೇಳಿದ ಅರಮನೆಯೂ ಸಾವಿನ ಮನೆಯಾಗಿತ್ತು. ಆದ್ದರಿಂದ ಎರಡನೆಯ ಅಧ್ಯಾಯವನ್ನು ಕೆಲಕಾಲ ಬದಿಗಿಟ್ಟು, ಮೊದಲನೆಯದನ್ನು ನಿಧಾನವಾಗಿ ಓದಿ ಎಂಬುದು ನನ್ನ ಸಲಹೆ. ಅಳು ಬಂದರೆ ಪುಸ್ತಕ ಮುಚ್ಚಬೇಕಾಗಿಲ್ಲ. ಆತ್ಮದ ವಿಚಾರ ಮನಸ್ಸಿಗೆ ಇಳಿಯಲು ವರ್ಷಗಳೇ ಬೇಕಾಗಬಹುದು, ಅದಕ್ಕೆ ಯಾರೂ ಗಡುವು ವಿಧಿಸಿಲ್ಲ.

ಪ್ರಶ್ನೆ: ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಗೀತಾ ಜಯಂತಿಯಂದು ಹದಿನೆಂಟು ಅಧ್ಯಾಯಗಳ ಪಾರಾಯಣ ನಡೆಯಿತು. ಜೊತೆಯವರಲ್ಲಿ ಅನೇಕರಿಗೆ ವಿಶ್ವರೂಪದ ಅಧ್ಯಾಯದಲ್ಲಿ ಕಣ್ಣು ತುಂಬಿ ಬಂತು. ನನಗೆ ಏನೂ ಆಗಲಿಲ್ಲ. ಇದು ಚಿಂತಿಸಬೇಕಾದ ವಿಷಯವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಅಲ್ಲ. ಕೇಳಿದವರೆಲ್ಲರ ಅನುಭವ ಒಂದೇ ಎಂದು ಗೀತೆಯೂ ಹೇಳುವುದಿಲ್ಲ. ಕೊನೆಯ ಶ್ಲೋಕಗಳಲ್ಲಿ ಸಂಜಯ, ನೆನೆನೆನೆದು ಮತ್ತೆ ಮತ್ತೆ ಹರ್ಷಗೊಳ್ಳುತ್ತಿದ್ದೇನೆ ಎನ್ನುತ್ತಾನೆ. ಯಾರಿಗಾಗಿ ಉಪದೇಶ ನಡೆಯಿತೋ ಆ ಅರ್ಜುನ ಮಾತ್ರ ಹರ್ಷದ ಮಾತನ್ನೇ ಆಡುವುದಿಲ್ಲ. ಮೋಹ ಹೋಯಿತು, ಸಂದೇಹ ಕಳೆಯಿತು, ನೀನು ಹೇಳಿದಂತೆ ಮಾಡುತ್ತೇನೆ ಎಂದಷ್ಟೇ ಹೇಳುತ್ತಾನೆ. ವಿಶ್ವರೂಪವನ್ನು ಕಂಡಾಗಲೂ ಅವನಿಗೆ ಆನಂದಕ್ಕಿಂತ ಹೆಚ್ಚಾಗಿ ಭಯವಾಗಿತ್ತು, ಹಳೆಯ ಸೌಮ್ಯರೂಪವನ್ನೇ ತೋರಿಸೆಂದು ಬೇಡಿಕೊಂಡ. ಸಾಮೂಹಿಕ ಪಾರಾಯಣದ ವೇಗದಲ್ಲಿ ಅರ್ಥ ಹಿಂದೆ ಉಳಿದಿರಬಹುದು. ಒಮ್ಮೆ ಮನೆಯಲ್ಲಿ ಆರನೆಯ ಅಧ್ಯಾಯವನ್ನು ಓದಿ ನೋಡಿ. ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿಯುವಷ್ಟೇ ಕಷ್ಟವೆಂದು ಅರ್ಜುನ ಅಲ್ಲಿ ಕೃಷ್ಣನಿಗೇ ಎದುರು ನುಡಿಯುತ್ತಾನೆ. ತಾತ್ಪರ್ಯಕ್ಕೆ ಡಿ.ವಿ.ಜಿ. ಅವರ ‘ಜೀವನಧರ್ಮಯೋಗ’ ನೆರವಾಗುತ್ತದೆ. ದಿನನಿತ್ಯದ ಸಂಸಾರದಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆ ಕೃತಿಗೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಪ್ರಶ್ನೆ: ಒಂಬತ್ತನೆಯ ಅಧ್ಯಾಯದ 32ನೆಯ ಶ್ಲೋಕದಲ್ಲಿ ಸ್ತ್ರೀಯರು, ವೈಶ್ಯರು, ಶೂದ್ರರು ‘ಕೂಡ’ ಪರಮಗತಿಯನ್ನು ಪಡೆಯುತ್ತಾರೆ ಎಂದು ಓದಿದಾಗ ಮನಸ್ಸಿಗೆ ಬಹಳ ನೋವಾಯಿತು. ಹೀಗೆ ನೊಂದುಕೊಂಡು ಓದುವುದು ಪಾಪವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಪಾಪವಲ್ಲ. ಆ ನೋವನ್ನು ಸಮಜಾಯಿಷಿಯಿಂದ ಮುಚ್ಚಿಬಿಡುವುದು ನನಗೆ ಸರಿಕಾಣುವುದಿಲ್ಲ. ಅದೇ ಅಧ್ಯಾಯದಲ್ಲಿ, ಮೂರು ಶ್ಲೋಕಗಳ ಹಿಂದೆ, ಎಲ್ಲ ಜೀವಿಗಳಲ್ಲಿಯೂ ನಾನು ಸಮನಾಗಿದ್ದೇನೆ, ನನಗೆ ದ್ವೇಷ್ಯರಿಲ್ಲ, ಪ್ರಿಯರಿಲ್ಲ ಎಂಬ ಮಾತಿದೆ. ಪರಮಗತಿಯ ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಸಾರುವ ಶ್ಲೋಕದಲ್ಲಿಯೇ ಅಂದಿನ ಸಮಾಜದ ಮೇಲುಕೀಳಿನ ಎಣಿಕೆಯೂ ಉಳಿದುಕೊಂಡಿದೆ. ಇವೆರಡೂ ಪಠ್ಯದಲ್ಲಿವೆ, ಎರಡನ್ನೂ ಕಾಣುವುದು ಪ್ರಾಮಾಣಿಕ ಓದು. ಗಾಂಧೀಜಿಯವರು 1929ರಲ್ಲಿ ಕೌಸಾನಿಯಲ್ಲಿ ತಮ್ಮ ‘ಅನಾಸಕ್ತಿಯೋಗ’ಕ್ಕೆ ಪ್ರಸ್ತಾವನೆ ಬರೆದಾಗ, ಗೀತೆಯ ಯುದ್ಧವನ್ನು ಮನುಷ್ಯನ ಹೃದಯದೊಳಗೆ ನಡೆಯುವ ಯುದ್ಧವಾಗಿ ಕಂಡರು. ಡಾ. ಅಂಬೇಡ್ಕರ್ ಅವರು ಅದೇ ಗ್ರಂಥವನ್ನು ಚಾತುರ್ವರ್ಣ್ಯಕ್ಕೆ ತಾತ್ತ್ವಿಕ ಸಮರ್ಥನೆ ಒದಗಿಸಿದ ಕೃತಿಯೆಂದು ಕಠಿಣವಾಗಿ ವಿಮರ್ಶಿಸಿದರು. ಅವರ ಆ ವಿಮರ್ಶೆಯನ್ನು ನೀವೂ ಓದಬೇಕೆಂದು ನಾನು ಬಯಸುತ್ತೇನೆ.

ಕೃಷ್ಣನೇ ಕೊನೆಯ ಅಧ್ಯಾಯದ 63ನೆಯ ಶ್ಲೋಕದಲ್ಲಿ, ಇದೆಲ್ಲವನ್ನೂ ಚೆನ್ನಾಗಿ ವಿಮರ್ಶಿಸಿ ನಿನ್ನ ಇಚ್ಛೆಯಂತೆ ಮಾಡು ಎನ್ನುತ್ತಾನೆ. ಉಪದೇಶದ ಉದ್ದಕ್ಕೂ ಅರ್ಜುನ ಪ್ರಶ್ನಿಸುತ್ತಲೇ ಬಂದವನು; ಮೂರನೆಯ ಅಧ್ಯಾಯದ ಆರಂಭದಲ್ಲಂತೂ, ಗೊಂದಲದ ಮಾತುಗಳಿಂದ ನನ್ನ ಬುದ್ಧಿಯನ್ನು ಕಂಗೆಡಿಸುತ್ತಿರುವೆಯಲ್ಲ ಎಂದು ನೇರವಾಗಿ ದೂರುತ್ತಾನೆ. ಅದಕ್ಕಾಗಿ ಕೃಷ್ಣ ಅವನ ಮೇಲೆ ಸಿಟ್ಟಾಗುವುದಿಲ್ಲ, ಮತ್ತೆ ವಿವರಿಸುತ್ತಾನೆ. ನಿಮ್ಮ ಆಕ್ಷೇಪವನ್ನು ಆ ಶ್ಲೋಕದ ಪಕ್ಕದಲ್ಲಿಯೇ ಬರೆದಿಟ್ಟುಕೊಂಡು ಓದನ್ನು ಮುಂದುವರಿಸಿ.