ಅಜ್ಜನ ಪೆಟ್ಟಿಗೆಯಲ್ಲಿ ಅಮೆರಿಕದ ಹಳೆಯ ಆಟಿಕೆ ಟ್ರಾಲಿ ಸೆಟ್ ಸಿಕ್ಕಿದೆ. ಬಣ್ಣ ಹೊಡೆಸಿ ಓಡಿಸಬಹುದಾ?

ಬಣ್ಣ ಮಾತ್ರ ಹೊಡೆಸಬೇಡಿ. ಪ್ಲಗ್ಗಿಗೂ ಈಗಲೇ ಹಾಕಬೇಡಿ.

ನಾನು ಹುಬ್ಬಳ್ಳಿಯವನು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ನಮ್ಮ ಮನೆಯಲ್ಲಿ ಟ್ರಾಲಿ ಅಂದರೆ ಹಳಿ ನೋಡಲು ಹೋಗುವ ಸಾಹೇಬರು ಕೂರುವ, ಹಿಂದಿನಿಂದ ಇಬ್ಬರು ತಳ್ಳುವ ಪುಶ್ ಟ್ರಾಲಿ. ಅಮೆರಿಕದವರಿಗೆ ಟ್ರಾಲಿ ಅಂದರೆ ಟ್ರಾಮ್, ತಲೆ ಮೇಲಿನ ತಂತಿಯಿಂದ ಕರೆಂಟ್ ತಗೊಂಡು ಬೀದಿಯಲ್ಲಿ ಓಡುವ ಗಾಡಿ. ಇದು ಗೊತ್ತಾಗಲು ನನಗೆ ಬಹಳ ದಿನ ಬೇಕಾಯಿತು.

ಹಳದಿ ಮೈ, ಕೆಂಪು ಛಾವಣಿ, ಪಕ್ಕದಲ್ಲಿ 'ಲಯೋನೆಲ್‌ವಿಲ್ ರ‍್ಯಾಪಿಡ್ ಟ್ರಾನ್ಸಿಟ್' ಅಂತ ಇದೆ ಎಂದು ಬರೆದಿದ್ದೀರಿ. ಹಾಗಾದರೆ ಅದು ಆಟಿಕೆ ರೈಲು ಮಾಡುವ ಅಮೆರಿಕದ ಲಯೋನೆಲ್ ಕಂಪನಿಯ 60ನೇ ನಂಬರಿನ ಟ್ರಾಲಿ ಇರಬೇಕು. 1955ರಿಂದ 1958ರವರೆಗೆ ಬಂದದ್ದು. ನನ್ನ ಹತ್ತಿರವೂ ಒಂದಿದೆ. ಎರಡೂ ತುದಿಯ ಬಂಪರನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಸ್ಪ್ರಿಂಗ್ ಆಡಬೇಕು. ಹಳಿಯ ಕೊನೆಯ ತಡೆಗೆ ಅದು ಟಕ್ ಅಂತ ಬಡಿದರೆ ಒಳಗಿನ ಸ್ವಿಚ್ ಸರಿಯುತ್ತದೆ, ಗಾಡಿ ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಈಗ ಕರೆಂಟಿನ ವಿಷಯ. ಮೊದಲ ಸೆಟ್ ಕೈಗೆ ಬಂದ ದಿನ ನಾನು ಅದರ ಜೊತೆಗಿದ್ದ ಟ್ರಾನ್ಸ್‌ಫಾರ್ಮರನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿದೆ. ಅದು 120 ವೋಲ್ಟಿನದು, ನಮ್ಮದು 230. ಸ್ವಲ್ಪ ಹೊತ್ತಿಗೇ ಸುಟ್ಟ ವಾರ್ನಿಷ್ ವಾಸನೆ ಬಂತು. ಆ ಟ್ರಾನ್ಸ್‌ಫಾರ್ಮರ್ ಮತ್ತೆ ಏಳಲಿಲ್ಲ. ಇವತ್ತಿಗೂ ಆ ನೋವಿದೆ. 230 ವೋಲ್ಟನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಹಾಕಿದರೂ ನಮ್ಮ ಕರೆಂಟಿನ 50 ಹರ್ಟ್ಸ್‌ಗೆ ಅಂಥ ಟ್ರಾನ್ಸ್‌ಫಾರ್ಮರ್ ಜಾಸ್ತಿ ಕಾಯುತ್ತದೆ, ಯಾಕೆಂದರೆ ಅದನ್ನು ಮಾಡಿದ್ದು 60 ಹರ್ಟ್ಸ್‌ಗೆ. ಹಳೆಯ ವೈರಿನ ರಬ್ಬರ್ ಬಿರಿದಿದ್ದರೆ ಮುಟ್ಟಲೇಬೇಡಿ. ಒಳ್ಳೆಯ ಸುದ್ದಿ ಅಂದರೆ ಈ ಟ್ರಾಲಿಯ ಮೋಟಾರು ಡಿಸಿಯಲ್ಲೂ, ಅಂದರೆ ಬ್ಯಾಟರಿಯಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಲ್ಲೂ, ಓಡುತ್ತದೆ. ನಾನೀಗ ವೋಲ್ಟೇಜ್ ಏರಿಸಿ ಇಳಿಸುವ ಡಿಸಿ ಸಪ್ಲೈ ಇಟ್ಟುಕೊಂಡಿದ್ದೇನೆ. ಈ ಆಟಿಕೆಗೆ ಮೂರು ಹಳಿ; ಒಂದು ವೈರು ನಡುವಿನ ಹಳಿಗೆ, ಇನ್ನೊಂದು ಹೊರಗಿನ ಹಳಿಗೆ.

ಹಳಿಗೆ ತುಕ್ಕು ಹಿಡಿದಿದೆ ಅಂತ ಪಾಲಿಶ್ ಪೇಪರಿನಿಂದ ಉಜ್ಜಬೇಡಿ. ಮೇಲಿನ ತವರದ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಜಾಸ್ತಿ ತುಕ್ಕು ಬರುತ್ತದೆ. ಮೆತ್ತಗಿನ ಬಟ್ಟೆ ಸಾಕು. ಗಾಡಿ ಮೇಲಿನ ಅಕ್ಷರಗಳನ್ನೂ ತಿಕ್ಕಬೇಡಿ, ಅಳಿಸಿಹೋಗುತ್ತವೆ. ಸಂಗ್ರಹ ಮಾಡುವವರು ಮೊದಲು ನೋಡುವುದೇ ಅವನ್ನು. ಗಾಲಿಯ ಅಚ್ಚಿಗೆ ಹೊಲಿಗೆ ಮಷೀನಿನ ಎಣ್ಣೆ ಒಂದೇ ಹನಿ.

ರಟ್ಟಿನ ಡಬ್ಬಿ ಹರಿದಿದ್ದರೂ ಎಸೆಯಬೇಡಿ. ಡಬ್ಬಿ ಇರುವ ಸೆಟ್ಟಿಗೆ ಬೆಲೆಯೇ ಬೇರೆ. ಎರಡನೆಯದು ಕೊಳ್ಳುವ ಆಸೆ ಆದರೆ, ಮಾರುವವರಿಂದ ಗಾಡಿಯ ಹೊಟ್ಟೆಯ ಫೋಟೋ ಕೇಳಿ ತರಿಸಿಕೊಳ್ಳಿ. ಮೇಲ್ಭಾಗದ ಫೋಟೋ ಎಲ್ಲರೂ ಚೆನ್ನಾಗಿಯೇ ತೆಗೆಯುತ್ತಾರೆ, ಗಾಲಿ ಬಿರಿದದ್ದು ಕೆಳಗಿನಿಂದಲೇ ಕಾಣುವುದು.

ಬಂಪರ್ ಒತ್ತಿದಾಗ ಸ್ಪ್ರಿಂಗ್ ಆಡಿತಾ ಇಲ್ಲವಾ, ಬರೆಯಿರಿ. ಆಡದಿದ್ದರೆ ಬಿಚ್ಚುವ ಮೊದಲು ಒಂದು ಫೋಟೋ ಹಾಕಿ.