ಮೇಷ್ಟ್ರನ್ನ ಕೇಳಿ: ಕೈರ್‌ನಾರ್ವನ್ ಕೋಟೆ ಯಾರದ್ದು?

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ನನ್ನ ಮಗಳು ಬ್ರಿಟನ್ನಿನ ವೇಲ್ಸ್‌ನಲ್ಲಿ ನರ್ಸ್ ಆಗಿದ್ದಾಳೆ. ಈ ಬೇಸಿಗೆಗೆ ನಾನೂ ನಮ್ಮೆಜಮಾನ್ರೂ ಹೊರಟಿದ್ದೇವೆ. ಅಲ್ಲಿ 'ಕೇರ್ನಾರ್ಫಾನ್' ಅಂತ ನೀರಿನ ದಂಡೆಯ ಊರಿಗೆ ಕರ್ಕೊಂಡು ಹೋಗ್ತಾಳಂತೆ. ಕೋಟೆ ಕಟ್ಟಿಸಿದ್ದು ಇಂಗ್ಲಿಷರ ರಾಜ, ಆದರೆ ಊರವರ ಮಾತು ಇಂಗ್ಲಿಷ್ ಅಲ್ವಂತೆ. ಇದು ಹೇಗೆ? ರಾಜ ತನ್ನ ಹಸುಗೂಸನ್ನು ಎತ್ತಿ ತೋರಿಸಿ, 'ಒಂದಕ್ಷರ ಇಂಗ್ಲಿಷ್ ಬಾರದ ರಾಜಕುಮಾರ ಇಗೋ' ಅಂದನಂತೆ. ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜವಾ?
– ಓದುಗರೊಬ್ಬರು, ಹೊಸನಗರ

ಉತ್ತರ: ಮೊದಲು ಹೆಸರು ಸರಿ ಮಾಡ್ಕೊಳ್ಳೋಣ. ವೆಲ್ಷ್‌ನಲ್ಲಿ ಒಂಟಿ 'ಎಫ್' ಇದ್ದರೆ 'ವ' ಅಂತ ಓದಬೇಕು. ಹಾಗಾಗಿ ಕೈರ್‌ನಾರ್ವನ್. 'ಕೈರ್' ಅಂದರೆ ಕೋಟೆ. 'ಆರ್ವನ್' ಅಂದರೆ ಮೋನ್‌ಗೆ ಎದುರಿನ ಸೀಮೆ. ಮೋನ್ ಅನ್ನೋದು ಜಲಸಂಧಿಯ ಆಚೆ ದಡದ ಆಂಗ್ಲಸಿ ದ್ವೀಪ. 'ಮ' ಇದ್ದ ಜಾಗಕ್ಕೆ 'ವ' ಹೇಗೆ ಬಂತು ಅಂತೀರಾ? ಹಳಗನ್ನಡದಲ್ಲಿ ಮೆಲ್ ಮತ್ತು ಮಾತು ಸೇರಿ 'ಮೆಲ್ವಾತು' ಆಗುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಮಗನ ಜೊತೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಅಪ್ಪ ಕೋಟೆ ನೋಡೋಕೆ ಹೋಗಿ ಸಂಧಿ ನೋಡಿ ಬಂದರು ಅಂತ ಅವನು ಈಗಲೂ ನಗುತ್ತಾನೆ.

ಕೋಟೆಗಿಂತ ಮುಂಚೆಯೇ ಅಲ್ಲಿ ಜನ ಇದ್ದರು. ಆಂಗ್ಲಸಿಯಲ್ಲಿ 'ಬ್ರಿನ್ ಕೆಲ್ಲಿ ದೀ' ಎಂಬ ಕಲ್ಲುಗೋರಿ ಇದೆ, ಸುಮಾರು 5000 ವರ್ಷದ್ದು. ಜೂನ್‌ನಲ್ಲಿ ಹಗಲು ಅತಿ ಉದ್ದವಾದ ದಿನ ಬೆಳಗಿನ ಬಿಸಿಲು ಅದರ ಓಣಿಯೊಳಗೆ ನೇರ ಹೊಕ್ಕುತ್ತದೆ. ನಿಮ್ಮ ತಾಲೂಕಿನ ನಿಲಸ್‌ಕಲ್ಲಿನ ಕಲ್ಲುಗಳನ್ನೂ ಸೂರ್ಯನ ದಿಕ್ಕು ಹಿಡಿದೇ ನಿಲ್ಲಿಸಿದ್ದು ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ನೋಡಿಲ್ಲವಾದರೆ ವಿಮಾನ ಹತ್ತೋ ಮುಂಚೆ ಅದನ್ನು ನೋಡಿ ಬಿಡಿ.

ಕ್ರಿ.ಶ. 77ರ ಸುಮಾರಿಗೆ ರೋಮನ್ನರು ಬಂದರು. ಊರ ಮೇಲಿನ ದಿಬ್ಬದಲ್ಲಿ ಸೆಗೊಂಟಿಯಮ್ ಅಂತ ಠಾಣೆ ಹಾಕಿ ಮುನ್ನೂರು ವರ್ಷಕ್ಕೂ ಜಾಸ್ತಿ ಇದ್ದರು. ಈಗ ಅಲ್ಲಿ ಉಳಿದಿರೋದು ಪಾಯದ ಕಲ್ಲು, ಹುಲ್ಲು. 11ನೇ ಶತಮಾನದ ಕೊನೆಗೆ, ಇಂಗ್ಲೆಂಡ್ ಗೆದ್ದು ಆಳುತ್ತಿದ್ದ ನಾರ್ಮನ್ನರು ನದಿ ಬಾಯಲ್ಲಿ ಮಣ್ಣಿನ ದಿಬ್ಬದ ಕೋಟೆ ಎಬ್ಬಿಸಿದರು. ವೆಲ್ಷ್ ಅರಸರು ಅದನ್ನು ಬೇಗ ಕಿತ್ತುಕೊಂಡರು.

ನೀವು ಕೇಳಿದ ರಾಜ ಒಂದನೇ ಎಡ್ವರ್ಡ್. ವೇಲ್ಸ್ ಗೆದ್ದು 1283ರಲ್ಲಿ ಕೋಟೆ ಶುರು ಮಾಡಿಸಿದ. ಕೋಟೆ ಜೊತೆಗೇ ಊರಿಗೂ ಗೋಡೆ: ಸುಮಾರು 730 ಮೀಟರ್, ಎಂಟು ಬುರುಜು, ಎರಡು ಹೆಬ್ಬಾಗಿಲು. ಒಳಗೆ ಇಂಗ್ಲಿಷರನ್ನು ತಂದು ಕೂರಿಸಿದ, ಅಲ್ಲಿದ್ದವರನ್ನು ಹೊರಗೆ ಹಾಕಿದ. 1294ರಲ್ಲಿ ಮಾದೋಗ್ ಎಂಬವನ ನಾಯಕತ್ವದಲ್ಲಿ ವೆಲ್ಷರು ದಂಗೆ ಎದ್ದು ಗೋಡೆ ಒಡೆದು ಊರಿಗೆ ಬೆಂಕಿ ಇಟ್ಟರು. ಮರುವರ್ಷ ಎಡ್ವರ್ಡ್ ಮತ್ತೆ ಹಿಡಿದ. ಕೆಲಸ 1330ರ ತನಕ ಎಳೆಯಿತು, ಒಳಗಡೆ ಎಷ್ಟೋ ಕಟ್ಟಡ ಕಡೆಗೂ ಮುಗಿಯಲೇ ಇಲ್ಲ.

ನಮ್ಮ ಕವಲೇದುರ್ಗ ಹತ್ತಿದವರಿಗೆ ಆ ಕೋಟೆ ವಿಚಿತ್ರ ಅನ್ನಿಸುತ್ತೆ. ಬುರುಜುಗಳು ದುಂಡಗಿಲ್ಲ, ಹಲವು ಮೂಲೆಯವು. ಗೋಡೆಯಲ್ಲಿ ಬಣ್ಣ ಬೇರೆಯಾದ ಕಲ್ಲಿನ ಸಾಲು, ಸೀರೆ ಅಂಚಿನ ಹಾಗೆ. ಕಾನ್‌ಸ್ಟಾಂಟಿನೋಪಲ್‌ನ (ಈಗಿನ ಇಸ್ತಾಂಬುಲ್) ಗೋಡೆಯ ಮಾದರಿಯಲ್ಲಿ ಹೀಗೆ ಮಾಡಿಸಿದ ಅಂತ ಒಂದು ವಾದ ಇದೆ. ಕವಲೇದುರ್ಗದ ಕೋಟೆಯೊಳಗೆ ಈಗ ಊರಿಲ್ಲ, ಗೋಡೆ ಇದೆ. ಕೈರ್‌ನಾರ್ವನ್‌ನಲ್ಲಿ ಊರಗೋಡೆಯೊಳಗೆ ಇವತ್ತಿಗೂ ಅಂಗಡಿ, ಮನೆ, ಒಣಗಲು ಹಾಕಿದ ಬಟ್ಟೆ.

ಕೂಸಿನ ಕಥೆ ಸುಳ್ಳು. ಆ ಕೂಸು, ಅಂದರೆ ಮುಂದೆ ರಾಜನಾದ ಎರಡನೇ ಎಡ್ವರ್ಡ್, ಹುಟ್ಟಿದ್ದು ಅಲ್ಲೇ, 1284ರ ಏಪ್ರಿಲ್‌ನಲ್ಲಿ. ಆದರೆ ಆಗ ಅವನ ಅಣ್ಣ ಅಲ್ಫೊನ್ಸೊ ಬದುಕಿದ್ದ. ಪಟ್ಟ ಅಣ್ಣನಿಗೆ ತಾನೇ? ಆ ಅಣ್ಣ ಅದೇ ಆಗಸ್ಟ್‌ನಲ್ಲಿ ತೀರಿಕೊಂಡ. ಇವನಿಗೆ ವೇಲ್ಸ್ ರಾಜಕುಮಾರನ ಬಿರುದು ಸಿಕ್ಕಿದ್ದು 1301ರಲ್ಲಿ. ಕಥೆ ಬರಹಕ್ಕೆ ಬಂದಿದ್ದು ಸುಮಾರು 300 ವರ್ಷ ಆದಮೇಲೆ. ಫಾರ್ವರ್ಡ್ ಮಾಡೋರು ಆಗಲೂ ಇದ್ದರು!

ಇನ್ನು ಭಾಷೆ. ಇಂಗ್ಲಿಷ್ ಅಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತೆ. ಆದರೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ವೆಲ್ಷ್ ಗೊತ್ತು. ಇಡೀ ವೇಲ್ಸ್ ಲೆಕ್ಕ ಹಾಕಿದರೆ 100ಕ್ಕೆ 18 ಮಂದಿ ಅಷ್ಟೇ, 2021ರ ಜನಗಣತಿಯಲ್ಲಿ. ಕಾಲ ಕಳೆದ ಹಾಗೆ, ಗೋಡೆಯೊಳಗೆ ಇಂಗ್ಲಿಷರೇ ಇರಬೇಕೆಂಬ ಕಟ್ಟಳೆ ಸಡಿಲವಾಯಿತು. ನನ್ನ ಕೇಳಿದರೆ, ಊರನ್ನು ವೆಲ್ಷರದ್ದಾಗಿ ಮಾಡಿದ್ದರಲ್ಲಿ ಸ್ಲೇಟಿನ ಪಾಲು ದೊಡ್ಡದು. ಹೌದು, ಒಂದನೇ ಕ್ಲಾಸಲ್ಲಿ ಬಳಪದಲ್ಲಿ ಬರೆದು, ಎಂಜಲು ಹಚ್ಚಿ ಒರೆಸುತ್ತಿದ್ದೆವಲ್ಲ, ಆ ಜಾತಿಯ ಕಲ್ಲೇ. ಅಲ್ಲಿ ಅದನ್ನು ಹಂಚಿನ ಬದಲು ಮಾಡಿಗೆ ಹೊದಿಸುತ್ತಾರೆ. ಹತ್ತಿರದ ನಾಂಟ್‌ಲೆ ಕಣಿವೆಯ ಕ್ವಾರಿಗಳಿಂದ 1828ರಲ್ಲಿ ಕುದುರೆ ಎಳೆಯುವ ರೈಲು ಹಾಕಿ ಕೋಟೆ ಬುಡದ ದಕ್ಕೆಗೆ ಸ್ಲೇಟು ತಂದರು. ಹಡಗುಗಳು ಅದನ್ನು ದೇಶದೇಶಕ್ಕೆ ಒಯ್ದವು. ಸ್ಲೇಟು ಹಲಗೆಯ ಅಳತೆಗಳ ಹೆಸರು ಕೇಳಿ: ಡಚೆಸ್, ಕೌಂಟೆಸ್, ಲೇಡಿ, ಎಲ್ಲ ದೊಡ್ಡ ಮನೆತನದ ಹೆಂಗಸರ ಬಿರುದು! ಗುಡ್ಡದಲ್ಲಿ ಕಲ್ಲು ಸೀಳುತ್ತಿದ್ದ ಜನರ ಮಾತು ವೆಲ್ಷ್. ಅವರ ಸಂತೆ, ಪೇಟೆ ಎಲ್ಲ ಇದೇ ಊರು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಲಾಯ್ಡ್ ಜಾರ್ಜ್ ಈ ಕ್ಷೇತ್ರದಿಂದ 1890ರಿಂದ 1945ರವರೆಗೆ ಸಂಸದ. ಅವರ ಮನೆಮಾತೂ ವೆಲ್ಷ್.

ಆ ದಕ್ಕೆ ಈಗ ಕಾರ್ ನಿಲ್ಲಿಸೋ ಜಾಗ. ಮಗಳು ಪಾರ್ಕಿಂಗ್ ಹುಡುಕುವಾಗ ನೀವು ಇಳಿದು ದಡಕ್ಕೆ ಹೋಗಿ. ಇಳಿತದ ಹೊತ್ತಾದರೆ ದೋಣಿಗಳು ಕೆಸರಲ್ಲಿ ಎಮ್ಮೆ ಮಲಗಿದ ಹಾಗೆ ಓರೆಯಾಗಿ ಬಿದ್ದಿರುತ್ತವೆ. ಬೇಕರಿಯಲ್ಲಿ ಚಹಾ ಬೇಕಾದರೆ 'ಪಾನೆಡ್' ಅನ್ನಿ. ಥ್ಯಾಂಕ್ಸ್‌ಗೆ 'ದಿಯೋಲ್ಖ್'. ಕೊನೆಯ ಅಕ್ಷರ ಗಂಟಲಲ್ಲಿ ಕೆರೆಯಬೇಕು. ನಾನು ಹೇಳಿದಾಗ ಅಂಗಡಿಯಾಕೆ ನಕ್ಕು ಎರಡು ಸಲ ಹೇಳಿಸಿ ತಿದ್ದಿದಳು. ಮೇಷ್ಟ್ರಿಗೇ ಪಾಠ!

ಪ್ರಶ್ನೆ: ಅಲ್ಲಿ ಮಳೆ ನಮ್ಮಷ್ಟೇ ಬರುತ್ತಾ? ಕೊಡೆ ಒಯ್ಯಬೇಕಾ?
– ಅವರದೇ ಪತ್ರದ ಕೊನೆಯಲ್ಲಿ

ಉತ್ತರ: ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತೆ. ಅದರ ಮುಂದೆ ಆ ಊರಿನದ್ದು ಜಿಟಿಜಿಟಿ ಅಷ್ಟೇ. ಆದರೆ ಸಮುದ್ರದ ಗಾಳಿಗೆ ಅಡ್ಡಡ್ಡ ಹೊಡೆಯುತ್ತೆ. ನನ್ನ ಕೊಡೆ ಕೋಟೆ ಬಾಗಿಲಲ್ಲೇ ಮಗುಚಿ ಕಡ್ಡಿ ಮುರೀತು. ರೈನ್‌ಕೋಟ್ ಒಯ್ಯಿರಿ.